ಎಂಟರಿಂದ ಭಾಗಿಸಬೇಕೋ, ಹತ್ತರಿಂದಲೋ? ಹಳೆಯ ಸ್ಟೋರೇಜ್ ವೇಗವನ್ನು ಟೆಲಿಕಾಂ ಲೈನಿನ ವೇಗಕ್ಕೆ ಹೋಲಿಸುವ ಬಗೆ

ಹಳೆಯ ಎಲ್‌ಟಿಒ-1 ಟೇಪ್ ಡ್ರೈವಿನ ವಿವರಪಟ್ಟಿಯಲ್ಲಿ ವೇಗ 20 ಎಂದಿರುತ್ತದೆ. ಅದೇ ಕೋಣೆಯಲ್ಲಿರುವ, ಊರುಗಳ ನಡುವಿನ ಟೆಲಿಕಾಂ ಲೈನಿಗೆ ಜೋಡಿಸಿದ ಎಸ್‌ಟಿಎಂ-1 ಉಪಕರಣದ ಮೇಲೆ 155 ಎಂದಿರುತ್ತದೆ. ಟೇಪಿನಲ್ಲಿರುವುದನ್ನು ಆ ಲೈನಿನಲ್ಲಿ ಬೇರೆ ಊರಿಗೆ ಕಳಿಸಲು ಹೊರಟವರಿಗೆ ಲೈನೇ ಏಳೆಂಟು ಪಟ್ಟು ಚುರುಕು ಅನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ಈ ಜೋಡಿಯಲ್ಲಿ ಮುಂದಿರುವುದು ಟೇಪು. ಟೇಪಿನ 20 ಎಂದರೆ ಸೆಕೆಂಡಿಗೆ 20 ಮೆಗಾಬೈಟ್. ಲೈನಿನ 155 ಎಂದರೆ ಸೆಕೆಂಡಿಗೆ 155.52 ಮೆಗಾಬಿಟ್. ಅದರಲ್ಲಿ ನಮ್ಮ ಡೇಟಾಕ್ಕೆ ಬಿಟ್ಟುಕೊಡುವ ಜಾಗ 149.76 ಮೆಗಾಬಿಟ್, ಅಂದರೆ 18.72 ಮೆಗಾಬೈಟ್ ಮಾತ್ರ.

ಬಿಟ್ಟನ್ನು ಬೈಟಿಗೆ ತರಲು ಎಂಟರಿಂದ ಭಾಗಿಸಬೇಕು ಎಂಬುದು ಎಲ್ಲರಿಗೂ ಗೊತ್ತು. ತೊಂದರೆ ಬರುವುದು ಭಾಗಿಸುವ ಮೊದಲು. ಟೆಲಿಕಾಂನವರು ತಂತಿಯ ಮೇಲೆ ಹರಿಯುವ ಒಟ್ಟು ಬಿಟ್ಟುಗಳನ್ನು ಎಣಿಸುತ್ತಾರೆ. ಹಳೆಯ ಡಿಸ್ಕು, ಟೇಪಿನವರು ಕೈಗೆ ಬಂದ ಬೈಟುಗಳನ್ನು ಎಣಿಸುತ್ತಾರೆ. ಮಂಡಿಯಲ್ಲಿ ಚೀಲದ ಸಮೇತ ತೂಗಿದ್ದಕ್ಕೂ ಬರೀ ಕಾಳು ತೂಗಿದ್ದಕ್ಕೂ ಇರುವ ಅಂತರ ಇಲ್ಲಿಯೂ ಇದೆ. ಬ್ಯಾಂಕು, ಆಸ್ಪತ್ರೆ, ಪತ್ರಿಕಾ ಕಚೇರಿ, ಗ್ರಂಥಾಲಯಗಳಲ್ಲಿ ಹಳೆಯ ಟೇಪು, ಸಿಡಿಗಳಲ್ಲಿ ಉಳಿದ ದಾಖಲೆಗಳನ್ನು ಹೊಸ ಜಾಗಕ್ಕೆ ಸಾಗಿಸುವ ಯೋಜನೆ ಹಾಕುವಾಗ ಮೊದಲ ಸಾಲಿನಲ್ಲಿ ಬರುವುದೇ ಈ ಪರಿವರ್ತನೆ. ಅಲ್ಲಿ ಎಡವಿದರೆ ಲೈನಿನ ಬಾಡಿಗೆಯಿಂದ ಹಿಡಿದು ಮುಗಿಸುವ ತಾರೀಕಿನವರೆಗೆ ಎಲ್ಲವೂ ಎಡವಟ್ಟಾಗುತ್ತದೆ.

ಬಳಕೆಯಲ್ಲಿರುವ ದಾರಿಗಳು ನಾಲ್ಕು: ನೇರವಾಗಿ ಎಂಟರಿಂದ ಭಾಗಿಸುವುದು, ಹತ್ತರಿಂದ ಭಾಗಿಸುವುದು, ಲೈನಿನ ಫ್ರೇಮ್ (ಬಿಟ್ಟುಗಳನ್ನು ಜೋಡಿಸಿ ಕಳಿಸುವ ಕಟ್ಟು) ಬಿಡಿಸಿ ಡೇಟಾಕ್ಕೆ ಸಿಗುವ ಭಾಗವನ್ನಷ್ಟೇ ತೆಗೆದು ಎಂಟರಿಂದ ಭಾಗಿಸುವುದು, ಮತ್ತು ಲೆಕ್ಕವನ್ನೇ ಬಿಟ್ಟು ಅಳೆದು ನೋಡುವುದು. ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಟೆಲಿಕಾಂ ಲೈನಿಗೆ ಮೂರನೆಯದೇ ಸರಿ. ಸಾಟಾ, ಫೈಬರ್ ಚಾನೆಲ್‌ನಂಥ ಸೀರಿಯಲ್ ಸ್ಟೋರೇಜಿಗೆ (ಬಿಟ್ಟುಗಳನ್ನು ಒಂದರ ಹಿಂದೆ ಒಂದು ಕಳಿಸುವ ಡಿಸ್ಕ್ ಜೋಡಣೆಗೆ) ಎರಡನೆಯದು, ಅದೂ ಒಂದು ಹಂತದ ಪೀಳಿಗೆಯವರೆಗೆ ಮಾತ್ರ. ಮೇಲಧಿಕಾರಿಗೆ ತಾರೀಕು ಬರೆದುಕೊಡುವ ಮುಂಚೆ ನಾಲ್ಕನೆಯದು ಕಡ್ಡಾಯ.

ಎಂಟು ನಡೆಯುವ ಕಡೆ

ಐಡಿಇ, ಸ್ಕಸಿಯಂಥ, ಡಿಸ್ಕನ್ನು ಕಂಪ್ಯೂಟರಿಗೆ ಜೋಡಿಸಿ ಹಲವು ಬಿಟ್ಟುಗಳನ್ನು ಒಟ್ಟಿಗೆ ಕಳಿಸುವ ಹಳೆಯ ಪ್ಯಾರಲಲ್ ಬಸ್‌ಗಳ ಹೆಸರಿನಲ್ಲೇ ಬೈಟ್ ಇದೆ. ಅಲ್ಟ್ರಾ ಎಟಿಎ 133 ಎಂದರೆ ಸೆಕೆಂಡಿಗೆ 133 ಮೆಗಾಬೈಟ್. ಅಲ್ಟ್ರಾ320 ಸ್ಕಸಿ ಎಂದರೆ 320 ಮೆಗಾಬೈಟ್. ಇಲ್ಲಿ ಭಾಗಾಕಾರ ಬೇಕಿಲ್ಲ. ಟೆಲಿಕಾಂ ಕಡೆಗೆ ತರಲು ಎಂಟರಿಂದ ಗುಣಿಸಬೇಕು. 320ನ್ನು ಗುಣಿಸಿದರೆ 2,560 ಮೆಗಾಬಿಟ್. ಊರೂರುಗಳ ನಡುವೆ ಸಾವಿರಾರು ಫೋನ್ ಕರೆಗಳನ್ನು ಹೊರುವ ಎಸ್‌ಟಿಎಂ-16 ಲೈನಿನ ಪೂರ್ತಿ ವೇಗ 2,488.32 ಮೆಗಾಬಿಟ್. ಸರ್ವರಿನ ಹೊಟ್ಟೆಯೊಳಗಿನ ಒಂದು ಚಪ್ಪಟೆ ಕೇಬಲ್ಲು ಅದಕ್ಕಿಂತ ಹೆಚ್ಚು ಹೊರಬಲ್ಲುದು ಎಂಬುದು ಮೊದಲ ಸಲ ಲೆಕ್ಕ ಹಾಕಿದವರನ್ನು ನಿಜಕ್ಕೂ ಬೆರಗುಗೊಳಿಸುತ್ತದೆ.

ಈಥರ್ನೆಟ್ಟಿಗೂ ಎಂಟೇ ಸರಿ. ಗಿಗಾಬಿಟ್ ಈಥರ್ನೆಟ್ ಫೈಬರಿನ ಮೇಲೆ ನಿಜವಾಗಿ ಸೆಕೆಂಡಿಗೆ 125 ಕೋಟಿ ಸಂಕೇತಗಳನ್ನು ಓಡಿಸುತ್ತದೆ. ಆದರೆ ಹೆಸರಿಡುವಾಗ ಕೋಡಿಂಗಿಗಾಗಿ ಸೇರಿಸುವ ಹೆಚ್ಚುವರಿ ಬಿಟ್ಟುಗಳನ್ನು (ಅವು ಏಕೆ ಎಂಬುದು ಮುಂದೆ ಬರುತ್ತದೆ) ಕೈಬಿಟ್ಟು 100 ಕೋಟಿ ಎಂದೇ ಇಟ್ಟಿದ್ದಾರೆ. ಎಂಟರಿಂದ ಭಾಗಿಸಿದರೆ 125 ಮೆಗಾಬೈಟ್. 1,500 ಬೈಟಿನ ಒಂದು ಪ್ಯಾಕೆಟ್ಟು ಹೆಡರು, ನಡುವಿನ ಬಿಡುವು ಎಲ್ಲ ಸೇರಿ ತಂತಿಯ ಮೇಲೆ 1,538 ಬೈಟಿನ ಜಾಗ ಹಿಡಿಯುತ್ತದೆ. ಅದರೊಳಗೆ ಐಪಿ, ಟಿಸಿಪಿ (ಜಾಲದಲ್ಲಿ ಡೇಟಾ ತಲುಪಿಸುವ ನಿಯಮಗಳು) ಹೆಡರುಗಳು ಹೋಗಿ ಫೈಲಿನ ಪಾಲಿಗೆ ಸಾಮಾನ್ಯವಾಗಿ 1,448 ಬೈಟು ಉಳಿಯುತ್ತದೆ. ಹಾಗಾಗಿ ಕೊನೆಗೆ ಸಿಗುವುದು ಸುಮಾರು 117.7 ಮೆಗಾಬೈಟ್.

ಹತ್ತು ನಡೆಯುವ ಕಡೆ, ಕೈಕೊಡುವ ಕಡೆ

ಸಾಟಾ ಇದಕ್ಕೆ ಉಲ್ಟಾ. ಮೊದಲ ಪೀಳಿಗೆಯ ಸಾಟಾವನ್ನು 1.5 ಗಿಗಾಬಿಟ್ ಎಂದು ಕರೆದಾಗ ಅದರಲ್ಲಿ ಕೋಡಿಂಗಿನ ಬಿಟ್ಟುಗಳೂ ಸೇರಿವೆ. ಪ್ರತಿ 8 ಬಿಟ್ ಡೇಟಾವನ್ನು 10 ಬಿಟ್ಟಾಗಿ ಬದಲಿಸಿ ಕಳಿಸುವ ಕ್ರಮ ಅದು. ತಂತಿಯ ಮೇಲಿನ ಸೊನ್ನೆ-ಒಂದುಗಳು ಸಮತೋಲದಲ್ಲಿದ್ದು, ಎದುರಿನ ತುದಿಗೆ ಗಡಿಯಾರ ತಪ್ಪದಿರಲಿ ಎಂದು ಮಾಡಿದ ಏರ್ಪಾಡು. ಆದ್ದರಿಂದ 1.5 ಗಿಗಾಬಿಟ್ಟನ್ನು ಹತ್ತರಿಂದ ಭಾಗಿಸಿ: 150 ಮೆಗಾಬೈಟ್. 3 ಗಿಗಾಬಿಟ್ಟಿಗೆ 300, 6ಕ್ಕೆ 600. ಯುಎಸ್‌ಬಿ 3.0ರ 5 ಗಿಗಾಬಿಟ್ ಕೂಡ ಹೀಗೆಯೇ 500 ಮೆಗಾಬೈಟ್.

ಸರ್ವರುಗಳನ್ನು ಡಿಸ್ಕುಗಳಿಗೆ ಜೋಡಿಸುವ ಹಳೆಯ ಸ್ಯಾನ್ ಜಾಲಗಳಲ್ಲಿ ಈ ಗೊಂದಲ ಎದ್ದು ಕಾಣುತ್ತದೆ. ಮೊದಲ ಪೀಳಿಗೆಯ ಫೈಬರ್ ಚಾನೆಲ್ಲನ್ನೂ ಗಿಗಾಬಿಟ್ ಈಥರ್ನೆಟ್ಟನ್ನೂ ಎಲ್ಲರೂ "ಒಂದು ಗಿಗ್" ಎಂದೇ ಕರೆಯುತ್ತಾರೆ. ಫೈಬರ್ ಚಾನೆಲ್ಲಿನ ಸಂಕೇತದ ವೇಗ 1.0625 ಗಿಗಾ, ಹತ್ತರಿಂದ ಭಾಗಿಸಿ, ಫ್ರೇಮಿನ ಖರ್ಚು ಕಳೆದರೆ 100 ಮೆಗಾಬೈಟ್. ಈಥರ್ನೆಟ್ಟಿನದು ಆಗಲೇ ನೋಡಿದಂತೆ 117.7. ಎರಡೂ ಒಂದೇ ಎಂದು ನಂಬಿ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಲೆಕ್ಕ ಆರನೇ ಒಂದು ಪಾಲಿಗೂ ಹೆಚ್ಚು ಜಾರುತ್ತದೆ.

ಹತ್ತರ ಸೂತ್ರವನ್ನು ಎಲ್ಲಿ ಬಿಡಬೇಕು ಎಂಬುದು ಅದನ್ನು ಕಲಿಯುವಷ್ಟೇ ಮುಖ್ಯ. 8 ಗಿಗಾಬಿಟ್ ಫೈಬರ್ ಚಾನೆಲ್ಲಿನವರೆಗೆ ಅದು ಸರಿ. 16 ಗಿಗಾಬಿಟ್ಟಿನದು 64 ಬಿಟ್ಟಿಗೆ 66 ಬಿಟ್ ಕಳಿಸುವ ಕೋಡಿಂಗಿಗೆ ಹೊರಳಿತು. ಅದರ ಸಂಕೇತದ ವೇಗ 14.025 ಗಿಗಾ. ಹತ್ತರಿಂದ ಭಾಗಿಸಿದರೆ ಸುಮಾರು 1,400 ಎಂದು ಬರುತ್ತದೆ. ನಿಜದಲ್ಲಿ ಅದು ಕೊಡುವುದು 1,600 ಮೆಗಾಬೈಟ್. 10 ಗಿಗಾಬಿಟ್ಟಿನ ಯುಎಸ್‌ಬಿಯಲ್ಲೂ ಕೋಡಿಂಗಿನ ಖರ್ಚು ಶೇ 3ರಷ್ಟೇ. ಇನ್ನು ಯುಎಸ್‌ಬಿ 2.0 ಎಂಟಕ್ಕೂ ಒಗ್ಗುವುದಿಲ್ಲ, ಹತ್ತಕ್ಕೂ ಒಗ್ಗುವುದಿಲ್ಲ. 480 ಮೆಗಾಬಿಟ್ಟನ್ನು ಭಾಗಿಸಿ 60 ಎಂದೋ 48 ಎಂದೋ ಬರೆದುಕೊಳ್ಳಬೇಡಿ. ಹಳೆಯ ಹೊರ ಡಿಸ್ಕಿನಿಂದ 30ರಿಂದ 40 ಮೆಗಾಬೈಟ್ ಬಂದರೆ ಅದೇ ಅದರ ನಿಜವಾದ ವೇಗ ಎಂದು ಒಪ್ಪಿಕೊಳ್ಳಿ.

ಹಳೆಯ ಸೀರಿಯಲ್ ಪೋರ್ಟಿಗೆ ಬೇರೆಯೇ ಕಾರಣದಿಂದ ಹತ್ತು ಹೊಂದುತ್ತದೆ. 8 ಬಿಟ್ಟಿನ ಹಿಂದೆ-ಮುಂದೆ ಒಂದೊಂದು ಸ್ಟಾರ್ಟ್, ಸ್ಟಾಪ್ ಬಿಟ್ಟು ಇರುವುದರಿಂದ 9,600ರ ಸೆಟ್ಟಿಂಗಿನಲ್ಲಿ ಸೆಕೆಂಡಿಗೆ 960 ಬೈಟ್.

ಇ1, ಟಿ1, ಎಸ್‌ಟಿಎಂ: ಫ್ರೇಮ್ ಬಿಡಿಸಿ ನೋಡಿ

ಟೆಲಿಕಾಂ ವೇಗಗಳೆಲ್ಲ ಮನುಷ್ಯನ ಮಾತಿನಿಂದ ಹುಟ್ಟಿದವು. ಧ್ವನಿಯನ್ನು ಸೆಕೆಂಡಿಗೆ 8,000 ಸಲ ಅಳೆದು, ಪ್ರತಿ ಅಳತೆಯನ್ನೂ 8 ಬಿಟ್ಟಿನಲ್ಲಿ ಬರೆದರೆ 64,000 ಬಿಟ್. ಒಂದು ಕರೆಗೆ ಬೇಕಾದ ಈ 64 ಕೆಬಿಪಿಎಸ್ ಎಂಬ ಇಟ್ಟಿಗೆಯಿಂದಲೇ ಮೇಲಿನದೆಲ್ಲವನ್ನೂ ಕಟ್ಟಿದ್ದಾರೆ. ಯುರೋಪಿನ ಕ್ರಮದಲ್ಲಿ ಅಂಥ 32 ಸೇರಿ ಇ1: 2.048 ಮೆಗಾಬಿಟ್. ಅಮೆರಿಕದ ಕ್ರಮದಲ್ಲಿ 24 ಸೇರಿ, ಮೇಲೆ 8 ಕೆಬಿಪಿಎಸ್ ಫ್ರೇಮಿನ ಗುರುತು ಸೇರಿ ಟಿ1: 1.544 ಮೆಗಾಬಿಟ್. ಭಾರತ ಹಿಡಿದದ್ದು ಯುರೋಪಿನ ಕ್ರಮ. ಆದ್ದರಿಂದ ಅಮೆರಿಕದಲ್ಲಿ ಬರೆದ ಕೈಪಿಡಿಯ ಟಿ1 ಅಂಕಿಗಳನ್ನು ನಮ್ಮ ಲೈನಿಗೆ ಹಾಗೇ ಅಂಟಿಸಬಾರದು.

ಇ1ನ 32 ಟೈಮ್‌ಸ್ಲಾಟುಗಳಲ್ಲಿ ಸೊನ್ನೆಯ ಸ್ಲಾಟು ಹೊಂದಾಣಿಕೆಗೆ ಹೋಗುತ್ತದೆ. ಡೇಟಾಕ್ಕೆ ಉಳಿಯುವುದು 31, ಅಂದರೆ 1.984 ಮೆಗಾಬಿಟ್, ಸೆಕೆಂಡಿಗೆ 2,48,000 ಬೈಟ್. ಹದಿನಾರನೆಯ ಸ್ಲಾಟನ್ನೂ ಸಿಗ್ನಲಿಂಗಿಗೆ ಬಿಟ್ಟಿದ್ದರೆ 30 ಉಳಿದು 2,40,000 ಬೈಟ್. ಫ್ರೇಮೇ ಇಲ್ಲದ ಲೈನು ಕೊಟ್ಟಿದ್ದರೆ ಪೂರ್ತಿ 2,56,000 ಬೈಟ್. ಲೈನು ಕೊಡುವವರನ್ನು ಇದೊಂದನ್ನು ಕೇಳಲೇಬೇಕು: ಫ್ರೇಮ್ ಆದದ್ದೋ, ಆಗದ್ದೋ? ಎಷ್ಟು ಸ್ಲಾಟು ನಮ್ಮವು? ಎಕ್ಸ್‌ಚೇಂಜಿನ ಕಡೆಯವರು ಇ1 ಅನ್ನು "ಟೂ ಎಂಬಿ" ಎಂದು ಕರೆಯುವುದು ರೂಢಿ. ಸ್ಟೋರೇಜಿನ ಕೆಲಸ ಮಾಡುವವರ ಕಿವಿಗೆ ಅದು 2 ಮೆಗಾಬೈಟ್ ಎಂದು ಬೀಳುತ್ತದೆ. ಹಾಗಾಗಿ ಬಾಯಿಮಾತಿನಲ್ಲಿ ಒಪ್ಪಿದ್ದನ್ನು ಕಾಗದದ ಮೇಲೆ ಬೈಟಿನಲ್ಲೇ ಬರೆಸಿಕೊಳ್ಳುವುದು ಒಳ್ಳೆಯದು.

ಮನಸ್ಸಿನಲ್ಲಿ ಅಳತೆ ಕೂರಬೇಕಾದರೆ ಸಿಡಿಯನ್ನು ಇಟ್ಟುಕೊಳ್ಳಿ. 80 ನಿಮಿಷದ ಡೇಟಾ ಸಿಡಿಯಲ್ಲಿ 73,72,80,000 ಬೈಟ್ ಹಿಡಿಯುತ್ತದೆ. ಮೊದಲ ಕಾಲದ 1ಎಕ್ಸ್ (ಮೂಲ ವೇಗದ) ಡ್ರೈವು ಅದನ್ನು ಓದಲು 80 ನಿಮಿಷ ತೆಗೆದುಕೊಳ್ಳುತ್ತದೆ. ಟಿ1ನಲ್ಲಿ 64 ನಿಮಿಷ. ಇ1ನಲ್ಲಿ ಐವತ್ತು ನಿಮಿಷಕ್ಕೆ ತುಸು ಕಡಿಮೆ. ಟಿಸಿಪಿ ಹೆಡರುಗಳನ್ನೂ ಹಿಡಿದರೆ 52 ನಿಮಿಷದ ಆಸುಪಾಸು. ಅಂದರೆ ಒಂದು ಕಾಲಕ್ಕೆ ಬಹು ದೊಡ್ಡ ಸೌಕರ್ಯವಾಗಿದ್ದ ಇ1 ಲೀಸ್ಡ್ ಲೈನು ಒಂದೂವರೆ ಎಕ್ಸಿಗಿಂತ ಚೂರು ಹೆಚ್ಚಿನ ಸಿಡಿ ಡ್ರೈವಿಗೆ ಸಮ.

ಎಸ್‌ಟಿಎಂ-1ರಲ್ಲಿ ಆಯ್ಕೆ ನಿಜಕ್ಕೂ ಮುಖ್ಯವಾಗುತ್ತದೆ. ಅದರ ಫ್ರೇಮು 9 ಸಾಲು, 270 ಕಂಬಗಳ ಒಂದು ಚೌಕಟ್ಟು, ಪ್ರತಿ ಮನೆಗೆ ಒಂದು ಬೈಟು. ಸೆಕೆಂಡಿಗೆ 8,000 ಫ್ರೇಮು. ಮೊದಲ 9 ಕಂಬ ಲೈನಿನ ಉಸ್ತುವಾರಿಗೆ, ಇನ್ನೊಂದು ದಾರಿಯ ಉಸ್ತುವಾರಿಗೆ. ಉಳಿದ 260 ಕಂಬ ಒಟ್ಟಾಗಿ ಕೈಗೆ ಸಿಕ್ಕರೆ 149.76 ಮೆಗಾಬಿಟ್, 18.72 ಮೆಗಾಬೈಟ್. ಅದೇ ಲೈನನ್ನು 63 ಇ1ಗಳಾಗಿ ಸೀಳಿ ಕೊಟ್ಟರೆ 63 ಸಲ 2,48,000, ಅಂದರೆ 15.62 ಮೆಗಾಬೈಟ್. ಎಟಿಎಂ (ಡೇಟಾವನ್ನು ಸೆಲ್ಲುಗಳೆಂಬ ಸಣ್ಣ ತುಂಡುಗಳಾಗಿ ಕಳಿಸುವ ಟೆಲಿಕಾಂ ಕ್ರಮ) ಸೆಲ್ಲುಗಳ ಮೇಲೆ ಓಡಿಸಿದರೆ 53 ಬೈಟಿನ ಪ್ರತಿ ಸೆಲ್ಲಿನಲ್ಲಿ 48 ಮಾತ್ರ ನಮ್ಮದು, ಆಗ 16.95 ಮೆಗಾಬೈಟ್. ಮೂರಕ್ಕೂ ಹೆಸರು ಒಂದೇ, 155. ದೊಡ್ಡ ಫೈಲುಗಳ ಸಾಗಣೆಗೆ ಸೀಳದ ಲೈನನ್ನೇ ಕೇಳಿ. 63 ಎಳೆಗಳನ್ನು ಮತ್ತೆ ಹೊಸೆಯುವ ಉಪಕರಣಕ್ಕೆ ಬೇರೆ ಖರ್ಚು, ಒಂದೆರಡು ಎಳೆ ಬಿದ್ದಾಗ ಬೇರೆ ತಲೆನೋವು.

ಸ್ಟೋರೇಜನ್ನೂ ಟೆಲಿಕಾಂ ಲೈನನ್ನೂ ಒಂದೇ ಏಣಿಯಲ್ಲಿ ಏರಿಕೆಯ ಕ್ರಮದಲ್ಲಿ ನಿಲ್ಲಿಸಿದರೆ ಯಾರು ಯಾರ ಪಕ್ಕದವರು ಎಂಬುದು ಕಾಣುತ್ತದೆ:

| ಹೆಸರು | ಬರೆದಿರುವ ವೇಗ | ಸೆಕೆಂಡಿಗೆ ಡೇಟಾಕ್ಕೆ ಸಿಗುವುದು |
|---|---|---|
| ಸಿಡಿ 1ಎಕ್ಸ್ | 150 ಕಿಲೋಬೈಟ್ | 1,53,600 ಬೈಟ್ |
| ಟಿ1 | 1.544 ಮೆಗಾಬಿಟ್ | 1,92,000 ಬೈಟ್ |
| ಇ1, 31 ಸ್ಲಾಟು | 2.048 ಮೆಗಾಬಿಟ್ | 2,48,000 ಬೈಟ್ |
| ಡಿವಿಡಿ 1ಎಕ್ಸ್ | 11.08 ಮೆಗಾಬಿಟ್ | 1.385 ಮೆಗಾಬೈಟ್ |
| ಇ3 (16 ಇ1 ಸೇರಿದ್ದು) | 34.368 ಮೆಗಾಬಿಟ್ | ಸುಮಾರು 4.26 ಮೆಗಾಬೈಟ್ |
| ಎಸ್‌ಟಿಎಂ-1, ಸೀಳದ್ದು | 155.52 ಮೆಗಾಬಿಟ್ | 18.72 ಮೆಗಾಬೈಟ್ |
| ಎಲ್‌ಟಿಒ-1 ಟೇಪು | 20 ಮೆಗಾಬೈಟ್ | 20 ಮೆಗಾಬೈಟ್ |
| ಫೈಬರ್ ಚಾನೆಲ್, ಮೊದಲ ಪೀಳಿಗೆ | 1.0625 ಗಿಗಾಬಿಟ್ | 100 ಮೆಗಾಬೈಟ್ |
| ಗಿಗಾಬಿಟ್ ಈಥರ್ನೆಟ್ | 1 ಗಿಗಾಬಿಟ್ | ಸುಮಾರು 117.7 ಮೆಗಾಬೈಟ್ |
| ಎಲ್‌ಟಿಒ-4 ಟೇಪು | 120 ಮೆಗಾಬೈಟ್ | 120 ಮೆಗಾಬೈಟ್ |
| ಸಾಟಾ, ಮೊದಲ ಪೀಳಿಗೆ | 1.5 ಗಿಗಾಬಿಟ್ | 150 ಮೆಗಾಬೈಟ್ |
| ಅಲ್ಟ್ರಾ320 ಸ್ಕಸಿ | 320 ಮೆಗಾಬೈಟ್ | 320 ಮೆಗಾಬೈಟ್ |

ಟೇಪಿನ ಡಬ್ಬಿಯ ಮೇಲೆ ಇದರ ಎರಡು ಪಟ್ಟು ಬರೆದಿರಬಹುದು. ಅದು ಡೇಟಾ ಅರ್ಧಕ್ಕೆ ಕುಗ್ಗುತ್ತದೆ ಎಂದು ಮೊದಲೇ ಅಂದಾಜು ಮಾಡಿ ಹಾಕಿದ ಅಂಕಿ. ಎಲ್‌ಟಿಒ-1ಕ್ಕೆ 200 ಗಿಗಾಬೈಟ್, ಎಲ್‌ಟಿಒ-4ಕ್ಕೆ 1.6 ಟೆರಾಬೈಟ್ ಎಂದು ಕಾಣಿಸುವುದು ಹೀಗೆ. ಸ್ಕ್ಯಾನ್ ಮಾಡಿದ ಜೆಪೆಗ್ ಚಿತ್ರಗಳು, ವಿಡಿಯೋ, ಎನ್‌ಕ್ರಿಪ್ಟ್ ಆದ ಫೈಲುಗಳು ಕುಗ್ಗುವುದೇ ಇಲ್ಲ ಎಂದೇ ತಿಳಿಯಿರಿ. ಯೋಜನೆಗೆ ಕುಗ್ಗಿಸದ ಅಂಕಿಯೇ ಆಧಾರವಾಗಲಿ.

ಸಾವಿರವೋ, 1,024ವೋ

ಟೆಲಿಕಾಂನಲ್ಲಿ ಕಿಲೋ ಎಂದರೆ ಯಾವಾಗಲೂ ಸಾವಿರ. ಟೇಪು, ಡಿಸ್ಕಿನ ಲೇಬಲ್ಲಿನಲ್ಲೂ ಸಾವಿರವೇ. 1,024 ಬರುವುದು ವಿಂಡೋಸ್ ಪರದೆಯಲ್ಲಿ ಮತ್ತು ಸಿಡಿಯ 150 ಕಿಲೋಬೈಟಿನಂಥ ಹಳೆಯ ಅಳತೆಗಳಲ್ಲಿ. ವ್ಯತ್ಯಾಸ ಕಿಲೋದಲ್ಲಿ ಶೇ 2.4, ಮೆಗಾದಲ್ಲಿ ಶೇ 4.9, ಗಿಗಾದಲ್ಲಿ ಶೇ 7.4, ಟೆರಾದಲ್ಲಿ ಹತ್ತಿರ ಹತ್ತಿರ ಶೇ 10. ಸಣ್ಣ ಫೈಲಿನಲ್ಲಿ ಗಮನಕ್ಕೆ ಬಾರದ್ದು ಟೆರಾಬೈಟ್ ಸಾಗಣೆಯಲ್ಲಿ ಹತ್ತು ದಿನಕ್ಕೆ ಒಂದು ದಿನ ಕೂಡಿಸುತ್ತದೆ. ಫ್ಲಾಪಿಯಂತೂ ಎರಡನ್ನೂ ಬೆರೆಸಿದೆ: 1.44 ಎಂಬಿ ಎಂಬುದು 1,440 ಸಲ 1,024, ಅಂದರೆ 14,74,560 ಬೈಟ್. ಅದರ ತಲೆಯ ಅಡಿ ಹರಿಯುವ ವೇಗ 500 ಕಿಲೋಬಿಟ್ ಎಂದಿದ್ದರೂ, ಒಂದು ಸುತ್ತಿಗೆ 512 ಬೈಟಿನ 18 ಸೆಕ್ಟರು, ಸೆಕೆಂಡಿಗೆ 5 ಸುತ್ತು ಎಂದು ಎಣಿಸಿದರೆ ಸಿಗುವುದು 46,080 ಬೈಟ್. ಎಂಟರಿಂದ ಭಾಗಿಸಿದ ಲೆಕ್ಕ ಹೇಳುವುದು 62,500. ಹಳೆಯ ಮಾಧ್ಯಮಕ್ಕೂ ಚೀಲದ ತೂಕ ಇದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಈ ತೊಡಕಿಗೆ ನಾನು ಹೇಳುವ ಪರಿಹಾರ ಒಂದೇ: ಹಾಳೆಯ ತುಂಬ ಬೈಟ್ ಮಾತ್ರ ಇರಲಿ. ಎಲ್ಲ ಗಾತ್ರವನ್ನೂ ಬೈಟಿಗೆ ತನ್ನಿ, ಎಲ್ಲ ವೇಗವನ್ನೂ ಸೆಕೆಂಡಿಗೆ ಬೈಟಿಗೆ ತನ್ನಿ, ಕೊನೆಯ ಉತ್ತರವನ್ನಷ್ಟೇ ಗಂಟೆ, ದಿನಕ್ಕೆ ಬದಲಿಸಿ.

ಒಂದು ಟೇಪು, ನಾಲ್ಕು ದಾರಿ

ತುಂಬಿದ ಒಂದು ಎಲ್‌ಟಿಒ-4 ಟೇಪು, 800 ಗಿಗಾಬೈಟ್, ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗಬೇಕು ಎಂದುಕೊಳ್ಳೋಣ. ಇ1ನಲ್ಲಿ 37 ದಿನ ದಾಟುತ್ತದೆ. ಸೀಳದ ಎಸ್‌ಟಿಎಂ-1ರಲ್ಲಿ ಹನ್ನೆರಡು ಗಂಟೆಗೆ ಸ್ವಲ್ಪ ಕಡಿಮೆ. ಪೂರ್ತಿ ನಮಗೇ ಮೀಸಲಾದ ಗಿಗಾಬಿಟ್ ಲೈನಿನಲ್ಲಿ 1 ಗಂಟೆ 53 ನಿಮಿಷ. ಟೇಪ್ ಡ್ರೈವೇ ಅದನ್ನು ಓದಲು 1 ಗಂಟೆ 51 ನಿಮಿಷ ತೆಗೆದುಕೊಳ್ಳುವುದರಿಂದ ಇದಕ್ಕಿಂತ ಹೆಚ್ಚಿನ ಲೈನಿಗೆ ಹಣ ಸುರಿಯುವುದು ದಂಡ.

ನಾಲ್ಕನೆಯ ದಾರಿ ರಾತ್ರಿ ಬಸ್ಸು. ಬಾಗಿಲಿನಿಂದ ಬಾಗಿಲಿಗೆ 10 ಗಂಟೆ ಎಂದು ಹಿಡಿದರೆ 800 ಗಿಗಾಬೈಟಿಗೆ ಸೆಕೆಂಡಿಗೆ 22 ಮೆಗಾಬೈಟ್ ಆಗುತ್ತದೆ, ಎಸ್‌ಟಿಎಂ-1 ಅನ್ನೂ ಮೀರಿಸಿ. ಆದರೆ ಈ ಲೆಕ್ಕದಲ್ಲೂ ಬಿಟ್ಟುಹೋದದ್ದು ಇದೆ. ಟೇಪಿಗೆ ಬರೆಯುವ ಹೊತ್ತು, ಅಲ್ಲಿ ಓದುವ ಹೊತ್ತು ಎರಡನ್ನೂ ಸೇರಿಸಿದರೆ 16.2 ಮೆಗಾಬೈಟಿಗೆ ಇಳಿಯುತ್ತದೆ. ಎರಡೂ ಊರಲ್ಲಿ ಒಂದೊಂದೇ ಡ್ರೈವು ಇದ್ದು ಐದು ಟೇಪು ಒಯ್ದರೆ ಸುಮಾರು 39ಕ್ಕೆ ಏರುತ್ತದೆ. ಟೇಪು ಮೊದಲೇ ತುಂಬಿದ್ದರೆ ಬರೆಯುವ ಹೊತ್ತು ಉಳಿದು ಇನ್ನೂ ಲಾಭ. ಹಳೆಯ ದಾಖಲೆಗಳ ಒಂದೇ ಸಲದ ಸಾಗಣೆಗೆ, ಗಿಗಾಬಿಟ್ ಲೈನು ಕೈಯಲ್ಲಿ ಇಲ್ಲದಿದ್ದರೆ, ನಾನು ಹಿಂಜರಿಯದೆ ಟೇಪನ್ನೇ ಒಯ್ಯಲು ಹೇಳುತ್ತೇನೆ. ಆದರೆ ಒಂದು ಪ್ರತಿ ಮೂಲ ಊರಲ್ಲೇ ಉಳಿಯಬೇಕು, ಹೊರಡುವುದು ಎನ್‌ಕ್ರಿಪ್ಟ್ ಆಗಿರಬೇಕು. ಎಲ್‌ಟಿಒ-4ರಿಂದ ಡ್ರೈವಿನಲ್ಲೇ ಆ ಸೌಲಭ್ಯ ಇದೆ. ದಿನದಿನವೂ ಬದಲಾಗುವ ಡೇಟಾಕ್ಕೆ ಮಾತ್ರ ಲೈನಿನ ಬದಲು ಬೇರೆ ದಾರಿ ಇಲ್ಲ.

ಲೆಕ್ಕ ಸರಿ ಇದ್ದರೂ ವೇಗ ಬಾರದಿದ್ದರೆ

ಹಳೆಯ ಯಂತ್ರಗಳಲ್ಲಿ ಇದು ಸಾಮಾನ್ಯ, ಮತ್ತು ಬಹುಪಾಲು ಕಾರಣ ದೂರ. ಟಿಸಿಪಿ ಒಂದು ಸಲಕ್ಕೆ ಇಷ್ಟು ಬೈಟು ಕಳಿಸಿ, ತಲುಪಿತು ಎಂಬ ಉತ್ತರಕ್ಕೆ ಕಾಯುತ್ತದೆ. ಈ ಮಿತಿಗೆ ವಿಂಡೋ ಎಂದು ಹೆಸರು. ವಿಂಡೋ ಹಿಗ್ಗಿಸುವ ಸೌಲಭ್ಯ ಇಲ್ಲದ ಸಿಸ್ಟಮಿನಲ್ಲಿ ಆ ಮಿತಿ 65,535 ಬೈಟ್. ಹೋಗಿಬರಲು 40 ಮಿಲಿಸೆಕೆಂಡು ಬೇಕಾದ ಲೈನಿನಲ್ಲಿ ಸೆಕೆಂಡಿಗೆ 25 ಸಲ ಅಷ್ಟು ಕಳಿಸಬಹುದು: 1.64 ಮೆಗಾಬೈಟ್. ಲೈನು ಎಸ್‌ಟಿಎಂ-1 ಇರಲಿ, ಗಿಗಾಬಿಟ್ ಇರಲಿ, ಅದಕ್ಕಿಂತ ಮೇಲೆ ಏಳುವುದಿಲ್ಲ. ಆಗ ದೊಡ್ಡ ಲೈನು ಕೊಳ್ಳುವ ಬದಲು ವಿಂಡೋ ಸೆಟ್ಟಿಂಗು ಸರಿಮಾಡಿ, ಅದು ಆಗದಿದ್ದರೆ ಒಟ್ಟಿಗೆ ಹತ್ತಾರು ಫೈಲುಗಳನ್ನು ಬೇರೆ ಬೇರೆ ಕನೆಕ್ಷನ್ನಿನಲ್ಲಿ ಕಳಿಸಿ.

ಎರಡನೆಯ ಕಾರಣ ಟೇಪಿನದೇ. ಟೇಪ್ ಡ್ರೈವಿಗೆ ಕನಿಷ್ಠ ವೇಗ ಒಂದಿದೆ. ಡೇಟಾ ಅದಕ್ಕಿಂತ ನಿಧಾನ ಬಂದರೆ ಟೇಪು ನಿಲ್ಲುತ್ತದೆ, ಹಿಂದೆ ಸುತ್ತುತ್ತದೆ, ಮತ್ತೆ ಮುಂದೆ ಓಡುತ್ತದೆ. ಹೊತ್ತೂ ಹಾಳು, ಟೇಪೂ ಸವೆತ. ಲೈನಿನಿಂದ ಬಂದದ್ದನ್ನು ನೇರ ಟೇಪಿಗೆ ಬರೆಯಲೇಬೇಡಿ. ನಡುವೆ ಒಂದು ಡಿಸ್ಕಿನಲ್ಲಿ ಇಳಿಸಿ, ತುಂಬಿದ ಮೇಲೆ ಟೇಪಿಗೆ ಹರಿಸಿ. ಓದುವಾಗಲೂ ಹಾಗೆಯೇ.

ಲೈನಿನ ವೇಗ ಅಳೆಯಲು ಐಪರ್ಫ್ ಎಂಬ ತಂತ್ರಾಂಶ ಬಳಸುವವರು ಒಂದನ್ನು ಗಮನಿಸಿ. ಗಿಗಾಬಿಟ್ ಲೈನಿನಲ್ಲಿ 10 ಸೆಕೆಂಡು ಓಡಿಸಿದರೆ ಅದು 1.10 ಗಿಗಾಬೈಟ್ ಹೋಯಿತು, ವೇಗ 941 ಮೆಗಾಬಿಟ್ ಎಂದು ಒಂದೇ ಸಾಲಿನಲ್ಲಿ ತೋರಿಸುತ್ತದೆ. ಮೊದಲನೆಯದು 1,024ರ ಲೆಕ್ಕ, ಎರಡನೆಯದು ಸಾವಿರದ ಲೆಕ್ಕ. 1.10ನ್ನು ಎಂಟರಿಂದ ಗುಣಿಸಿ ಹತ್ತರಿಂದ ಭಾಗಿಸಿ 880 ಎಂದು ಬರೆದುಕೊಂಡರೆ ಇಲ್ಲದ ದೋಷವನ್ನು ಲೈನಿನ ಮೇಲೆ ಹೊರಿಸಿದಂತಾಗುತ್ತದೆ. ಹಾಳೆಗೆ 941ನ್ನೇ ತೆಗೆದುಕೊಂಡು ಎಂಟರಿಂದ ಭಾಗಿಸಿ. ಆಮೇಲೆ ನಿಜವಾದ ಫೈಲುಗಳ ಒಂದು ಗೊಂಚಲನ್ನು, ಸಣ್ಣವು ದೊಡ್ಡವು ಎರಡೂ ಇರುವಂತೆ, ಕೆಲಸದ ಹೊತ್ತಿನಲ್ಲಿ ಒಮ್ಮೆ, ರಾತ್ರಿ ಒಮ್ಮೆ ಕಳಿಸಿ ನೋಡಿ. ಎರಡರಲ್ಲಿ ಕಡಿಮೆ ಬಂದದ್ದು ಯಾವುದೋ ಅದರ ಮೇಲೆ ತಾರೀಕು ಬರೆಯಿರಿ.